ಹಳೇ ಕ್ಯಾಲೆಂಡರ್ ರದ್ದಿಗೆ ಹಾಕುವ ಮುಂಚೆ

ಹಳೇ ಕ್ಯಾಲೆಂಡರ್ ಗೋಡೆಯಿಂದ ಇಳಿಸಿದ ಕೂಡಲೇ ರದ್ದಿಗೆ ಹಾಕಬೇಡಿ. ಒಂದು ಸಂಜೆ ಚಹಾ ಇಟ್ಟುಕೊಂಡು ಜನವರಿಯಿಂದ ಒಂದೊಂದೇ ಹಾಳೆ ತಿರುವಿ. ಸಿಲಿಂಡರ್ ಹಚ್ಚಿದ ದಿನ, ಹಾಲು ಬೇಡ ಅಂದ ದಿನ, ಎಲ್ಲ ಅಲ್ಲೇ ಇರುತ್ತದೆ ಅಲ್ವಾ?

ನಾವು ವಿಜಯಪುರದ ಕಡೆ ಹಿಂಗಾರಿ ಬಿಳಿಜೋಳ ಬಿತ್ತುವವರು. ಹಾಗಾಗಿ ಸೆಪ್ಟೆಂಬರ್, ಅಕ್ಟೋಬರ್ ಹಾಳೆಗಳನ್ನು ನಿಧಾನಕ್ಕೆ ನೋಡುತ್ತೇನೆ. ಹದ ಮಳೆ ಬಂದ ದಿನಕ್ಕೆ ನೀಲಿ ಚುಕ್ಕೆ, ಬಿತ್ತಿದ ದಿನಕ್ಕೆ ಕೆಂಪು ಗೀಟು. ಈ ಸಲ ಎರಡರ ನಡುವೆ 11 ದಿನ! ಬೀಜಕ್ಕೆ ಓಡಾಡುವುದರಲ್ಲೇ ನೆಲದ ಹಸಿ ಆರಿಹೋಗಿತ್ತು. ಹೊಸ ಕ್ಯಾಲೆಂಡರಿನ ಆಗಸ್ಟ್ ಹಾಳೆಯಲ್ಲಿ ‘ಬೀಜ ತಂದಿಡಬೇಕು’ ಅಂತ ಈಗಲೇ ಬರೆದೆ.

ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯೊಳಗೆ ಈ ಕೆಲಸ ಮುಗಿಸಿ. ಆಮೇಲೆ ಸುಗ್ಗಿ, ಬಿಡುವು ಸಿಗುವುದಿಲ್ಲ. ಅಪ್ಪನ ಕೈಬರಹ ಇದ್ದ ಜೂನ್ ಹಾಳೆಯನ್ನು ಮಾತ್ರ ಬಿಡಿಸಿ ಟ್ರಂಕಿನಲ್ಲಿ ಇಟ್ಟಿದ್ದೇನೆ.