ಗಿಟಾರ್ ಮಾಡುವಾಗ ನೆಕ್‌ನ ಮರವನ್ನೇ ಮೊದಲು ನೋಡಿ

ನಾನೇ ಮಾಡಿದ ಮೊದಲ ಎಲೆಕ್ಟ್ರಿಕ್ ಗಿಟಾರ್‌ಗೆ ತಂತಿ ಕಟ್ಟಿದ ಮೂರನೇ ವಾರಕ್ಕೆ ನೆಕ್, ಅಂದರೆ ಎಡಗೈಯಲ್ಲಿ ಹಿಡಿಯುವ ಉದ್ದನೆಯ ಹಿಡಿ, ತಿರುಚಿಕೊಂಡಿತು. ದಪ್ಪ ತಂತಿಗಳ ಕಡೆ ಎಲ್ಲಾ ಸರಿ ಇತ್ತು. ಸಣ್ಣ ತಂತಿಗಳ ಕಡೆ ಹನ್ನೆರಡನೇ ಫ್ರೆಟ್ (ನೆಕ್ ಮೇಲೆ ಅಡ್ಡ ಕೂರಿಸಿದ ಲೋಹದ ಪಟ್ಟಿ) ದಾಟಿದರೆ ಸ್ವರವೇ ಇಲ್ಲ, ಬರೀ ಝುಯ್ ಅನ್ನುವ ಸದ್ದು. ನೆಕ್ ಒಳಗಿರುವ ಲೋಹದ ಸರಳು, ಟ್ರಸ್ ರಾಡ್, ತಿರುಗಿಸಿ ನೋಡಿದೆ. ನೆಕ್ ಬಿಲ್ಲಿನ ಹಾಗೆ ಬಾಗಿದ್ದರೆ ಅದು ನೇರ ಮಾಡುತ್ತದೆ. ಬಟ್ಟೆ ಹಿಂಡಿದ ಹಾಗೆ ತಿರುಚಿದ್ದರೆ ಅದರ ಕೈಲಿ ಏನೂ ಆಗುವುದಿಲ್ಲ. ಎರಡು ತಿಂಗಳ ಕೆಲಸ ಹೋಯಿತು, ತುಂಬಾ ಬೇಜಾರಾಯಿತು.

ಗಿಟಾರ್‌ನ ಮೈಗೆ, ಅಂದರೆ ಬಾಡಿಗೆ, ಮಹಾಗನಿ ಮರ ಹಾಕಲಾ, ಆಲ್ಡರ್ ಮರ ಹಾಕಲಾ ಅಂತ ವಾರಗಟ್ಟಲೆ ಯೋಚನೆ ಮಾಡಿದ್ದೆ. ನೆಕ್‌ಗೆ ಮಾತ್ರ ನೋಡಲು ಚೆಂದ ಇದೆ ಅಂತ ಒಂದು ಮೇಪಲ್ ಹಲಗೆ ತಂದಿದ್ದೆ. ಮಾಡಬೇಕಾಗಿದ್ದು ಇದರ ಉಲ್ಟಾ.

ಬಾಡಿಯ ವಿಷಯ ಸುಲಭ. ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ 1940ರ ಸುಮಾರಿಗೆ ನಾಲ್ಕು ಇಂಚು ಚೌಕದ ಪೈನ್ ತೊಲೆಗೆ ನೆಕ್ ಜೋಡಿಸಿ, ಪಿಕಪ್ ಕೂರಿಸಿ ನುಡಿಸಿದರು. ಗಿಟಾರ್ ಥರ ಕಾಣಲಿ ಅಂತ ಆಮೇಲೆ ಎರಡು ಪಕ್ಕಕ್ಕೆ ರೆಕ್ಕೆ ಸೇರಿಸಿದರು. ಸದ್ದನ್ನು ಆಂಪ್ಲಿಫೈಯರ್‌ಗೆ ಕಳಿಸುವ ಪಿಕಪ್ ಹಿಡಿಯುವುದು ತಂತಿಯ ಅಲುಗಾಟವನ್ನು. ಹಾಗಾಗಿ ಬಾಡಿಯ ಮರ ಒಣಗಿರಬೇಕು, ಸ್ಕ್ರೂ ಗಟ್ಟಿಯಾಗಿ ಹಿಡಿಯಬೇಕು, ಹೆಗಲಿಗೆ ಭಾರ ಆಗಬಾರದು. ನಾನು ನೋಡುವುದು ಇಷ್ಟೇ. 45 ಮಿಲಿಮೀಟರ್ ದಪ್ಪದ ಆಲ್ಡರ್ ಬಾಡಿ ಸುಮಾರು 2 ಕಿಲೋ ತೂಗುತ್ತದೆ. ಅದೇ ಅಳತೆಯನ್ನು ಬೀಟೆಯಲ್ಲಿ ಮಾಡಿದರೆ ಮೂರು ಕಿಲೋ ದಾಟುತ್ತದೆ. 1969ರ ಜನವರಿ 30ರಂದು ಲಂಡನ್ನಿನ ಒಂದು ಕಟ್ಟಡದ ತಾರಸಿ ಮೇಲೆ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ನುಡಿಸಿದ್ದು ಬೀಟೆಯ ಟೆಲಿಕ್ಯಾಸ್ಟರ್ ಗಿಟಾರ್. ಕಣ್ಣಿಗೆ ಹಬ್ಬ, ನಿಜ. ಆದರೆ ಎರಡು ಗಂಟೆ ನಿಂತು ನುಡಿಸಬೇಕಲ್ವಾ? ನಾನು ಎರಡು ಮಹಾಗನಿ ತುಂಡುಗಳನ್ನು ಪಕ್ಕಪಕ್ಕ ಅಂಟಿಸಿ ಬಾಡಿ ಮಾಡಿದೆ. ಒಂದೇ ಅಗಲದ ಹಲಗೆ ಹುಡುಕುತ್ತಾ ಕೂರುವ ಅಗತ್ಯ ಇಲ್ಲ.

ನೆಕ್ ಹಾಗಲ್ಲ. ಆರು ತಂತಿ ಸೇರಿ ಅದನ್ನು ಹಗಲೂ ರಾತ್ರಿ ಸುಮಾರು 45 ಕಿಲೋ ಬಲದಿಂದ ಎಳೆಯುತ್ತಿರುತ್ತವೆ.

ಹಾಳಾದ ನೆಕ್ ಬಿಸಾಡುವ ಮೊದಲು ಅದರ ಮೇಲೆ ಅಂಟಿಸಿದ್ದ ಫ್ರೆಟ್‌ಗಳ ಪಟ್ಟಿ, ಫ್ರೆಟ್‌ಬೋರ್ಡ್, ಬಿಚ್ಚಿ, ತುದಿಗೆ ಉಳಿ ಇಟ್ಟು ಸೀಳಿದೆ. ಸೀಳು ನೇರವಾಗಿ ಉದ್ದಕ್ಕೆ ಹೋಗಲೇ ಇಲ್ಲ. ಓರೆಯಾಗಿ ಸಾಗಿ ಏಳನೇ ಫ್ರೆಟ್ ಹತ್ತಿರ ಪಕ್ಕದಿಂದ ಹೊರಗೆ ಬಂತು. ಅಂದರೆ ಮರದ ಎಳೆಯೇ ಓರೆ ಇತ್ತು. ಮೇಲಿನಿಂದ ನೋಡಿದರೆ ಗೆರೆಗಳು ನೆಟ್ಟಗೇ ಕಾಣುತ್ತಿದ್ದವು! ಅಂದಿನಿಂದ ಹಲಗೆ ಕೊಳ್ಳುವಾಗ ತುದಿಯ ಒಂದು ಚೂರು ಕೇಳಿ ತಂದು ಸೀಳಿ ನೋಡುತ್ತೇನೆ. ಸೀಳು ಸುಳ್ಳು ಹೇಳುವುದಿಲ್ಲ.

ಹಲಗೆಯ ತುದಿಯನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿ. ಮರ ವರ್ಷವರ್ಷ ಬೆಳೆದ ಗೆರೆಗಳು ಎದ್ದು ಕಾಣುತ್ತವೆ. ಅವು ಅಡ್ಡ ಮಲಗಿದ್ದರೆ ಹವೆ ಬದಲಾದಾಗ ಹಲಗೆ ಡೊಂಕಾಗುವುದು ಜಾಸ್ತಿ. ನೆಟ್ಟಗೆ ನಿಂತಿದ್ದರೆ ಕಮ್ಮಿ. ಹೊಸ ನೆಕ್‌ಗೆ ಗೆರೆ ನೆಟ್ಟಗೆ ನಿಂತ ಹಲಗೆ ನನಗೆ ಸಿಗಲಿಲ್ಲ. ಅದಕ್ಕೆ ಗೆರೆ ಮಲಗಿದ ಹಲಗೆಯನ್ನೇ ಉದ್ದಕ್ಕೆ ಮೂರು ಪಟ್ಟಿ ಸೀಳಿಸಿದೆ. ಪ್ರತಿ ಪಟ್ಟಿಯನ್ನೂ ಮಗ್ಗುಲು ತಿರುಗಿಸಿದಾಗ ಮಲಗಿದ್ದ ಗೆರೆ ಎದ್ದು ನಿಂತಿತು. ನಡುವಿನ ಪಟ್ಟಿಯನ್ನು ತಲೆಕೆಳಗು ಮಾಡಿ ಮೂರನ್ನೂ ಅಂಟಿಸಿದೆ. ಒಂದು ತಿರುಚಲು ಹೋದರೆ ಉಳಿದೆರಡು ಹಿಡಿದುಕೊಳ್ಳಲಿ ಅಂತ. ನೆಕ್ ತುದಿಯಲ್ಲಿ ತಂತಿ ಬಿಗಿಯುವ ತಲೆಯ ಭಾಗಕ್ಕೆ ಅಗಲ ಸಾಲದೆ ಪಕ್ಕಕ್ಕೆ ಸಣ್ಣ ತುಂಡುಗಳನ್ನು ಸೇರಿಸಬೇಕಾಯಿತು.

ಅಂಟಿಸುವ ಮೊದಲೇ ಒಣಗಿದೆಯಾ ಅಂತ ತಿಳಿಯಬೇಕಿತ್ತು. ತೇವ ಅಳೆಯುವ ಮೀಟರ್ ನನ್ನ ಹತ್ತಿರ ಇರಲಿಲ್ಲ. ಅಡುಗೆಮನೆ ತಕ್ಕಡಿಯಲ್ಲಿ ಪ್ರತಿ ಭಾನುವಾರ ಪಟ್ಟಿಗಳನ್ನು ತೂಗಿ, ಪೆನ್ಸಿಲ್‌ನಲ್ಲಿ ಅವುಗಳ ಮೇಲೇ ಬರೆದೆ. ಐದು ವಾರ ತೂಕ ಇಳಿಯಿತು. ಆಮೇಲೆ ಎರಡು ವಾರ ಒಂದು ಗ್ರಾಂ ಕೂಡ ಇಳಿಯಲಿಲ್ಲ. ಆಗ ಅಂಟು ತೆಗೆದೆ. ನೆಕ್‌ನ ಒರಟು ಆಕಾರ ಕತ್ತರಿಸಿದ ಮೇಲೂ ಹತ್ತು ದಿನ ಸುಮ್ನೆ ಬಿಟ್ಟೆ. ಕತ್ತರಿಸಿದಾಗ ಒಳಗಿನ ಬಿಗಿ ಸಡಿಲಾಗಿ ಮರ ಸ್ವಲ್ಪ ಅಲುಗುತ್ತದೆ. ಅದು ಮುಗಿದ ಮೇಲೆ ನೇರ ಮಾಡಿ, ಬೀಟೆಯ ಫ್ರೆಟ್‌ಬೋರ್ಡ್ ಅಂಟಿಸಿದೆ.

ತಂತಿ ಕಟ್ಟಿ ಈಗ ಒಂದೂವರೆ ವರ್ಷ. ನೆಕ್‌ನ ಎರಡು ತುದಿಗೆ ಒಂದೊಂದು ನೇರ ಕಡ್ಡಿ ಅಡ್ಡ ಇಟ್ಟು, ಒಂದು ಕಣ್ಣು ಮುಚ್ಚಿ ನೋಡುತ್ತಿರುತ್ತೇನೆ. ಎರಡರ ಅಂಚೂ ಒಂದಕ್ಕೊಂದು ಸಮ ಇವೆ. ಟ್ರಸ್ ರಾಡ್ ತಿರುಗಿಸಿದ್ದು ಒಂದೇ ಸಲ, ಅದೂ ಕಾಲು ಸುತ್ತು.