ಅಮ್ಮನ ಮನೆ ಖಾಲಿ ಮಾಡುವಾಗ ಗುಜರಿಯವರನ್ನು ಕೊನೆಗೆ ಕರೆಯಿರಿ

ಅಮ್ಮ ಹೋಗಿ ವರ್ಷ ತುಂಬಿದ ಮೇಲೆ ದಾವಣಗೆರೆಯ ಮನೆಯನ್ನು ಬಾಡಿಗೆಗೆ ಕೊಡುವುದು ಅಂತ ನಾವು ಮೂವರೂ ಕೂತು ತೀರ್ಮಾನಿಸಿದೆವು. ತಮ್ಮ ಬೆಂಗಳೂರಿನಲ್ಲಿ, ತಂಗಿ ಪುಣೆಯಲ್ಲಿ, ನಾನು ಶಿವಮೊಗ್ಗದಲ್ಲಿ. ಹತ್ತಿರ ಇರುವವಳು ನಾನೇ ಆದ್ದರಿಂದ ಜಾಸ್ತಿ ಕೆಲಸ ನನ್ನ ತಲೆಗೇ ಬಂತು. ಈಗ ಬಳಗದಲ್ಲಿ ಯಾರಿಗೆ ಇಂಥ ಕೆಲಸ ಬಂದರೂ ನನಗೆ ಫೋನ್ ಮಾಡುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲೂ ಹೇಳುತ್ತೇನೆ.

ಎಲ್ಲರೂ ಮೊದಲು ಗುಜರಿಯವರನ್ನು ಕರೆಯುತ್ತಾರೆ, ಜಾಗ ಆಗಲಿ ಅಂತ. ಬೇಡ. ಅಮ್ಮ ಸಾಮಾನು ಇಟ್ಟಿದ್ದು ಅಮ್ಮನ ಲೆಕ್ಕದಲ್ಲಿ. ನಮ್ಮ ಮನೆಯ ಬೀರುವಿನ ಲಾಕರ್‌ನಲ್ಲಿ ಇದ್ದದ್ದು ಖಾಲಿ ಒಡವೆ ಡಬ್ಬಿಗಳು, ನಮ್ಮ ಮೂವರ ಹಳೆ ಅಂಕಪಟ್ಟಿಗಳು, ಅಷ್ಟೇ. ಎಲ್‌ಐಸಿ ಬಾಂಡ್ ಟ್ರಂಕಿನ ತಳಕ್ಕೆ ಹಾಸಿದ ಪೇಪರಿನ ಕೆಳಗೆ. ಮನೆ ಕಂದಾಯದ ರಸೀದಿಗಳು ದೇವರ ಗೂಡಿನಲ್ಲಿ, ಹಳೆ ಪಂಚಾಂಗದ ಒಳಗೆ. ಅಪ್ಪ ಮಾಡಿಸಿದ್ದ ಕಿಸಾನ್ ವಿಕಾಸ ಪತ್ರ ನನ್ನ ಮದುವೆ ಆಲ್ಬಮ್ಮಿನ ಕೊನೇ ಹಾಳೆಯ ಹಿಂದೆ! ಕಳ್ಳ ಬಂದರೆ ಬೀರು ಒಡೆಯುತ್ತಾನೆ, ಮದುವೆ ಆಲ್ಬಮ್ ಯಾಕೆ ಮುಟ್ಟುತ್ತಾನೆ, ಅಲ್ವಾ? ತಂಗಿ ಕಡೆಯವರೆಗೂ ಅಮ್ಮನ ಜೊತೆ ದಿನಾ ಮಾತಾಡುತ್ತಿದ್ದವಳು, ಅವಳಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು. ವಿಡಿಯೊ ಕಾಲ್‌ನಲ್ಲಿ ಅವಳು 'ಅಕ್ಕ, ಹಪ್ಪಳದ ಡಬ್ಬಿ ನೋಡು, ಹೊಲಿಗೆ ಮಿಷನ್ನಿನ ಖಾನೆ ನೋಡು' ಅನ್ನುತ್ತಿದ್ದಳು, ನಾನು ಕೈ ಹಾಕುತ್ತಿದ್ದೆ.

ದುಡ್ಡೂ ಹಾಗೇ ಸಿಕ್ಕಿತು. ಸೀರೆ ಮಡಿಕೆಯಲ್ಲಿ ಎರಡು ಸಾವಿರದ ನೋಟುಗಳು, ಸಾಸಿವೆ ಡಬ್ಬಿಯಲ್ಲಿ ಹಳೆ ಐನೂರರವು. ಎರಡು ಸಾವಿರದ ನೋಟು 2023ರ ಮೇನಲ್ಲಿ ಚಲಾವಣೆಯಿಂದ ವಾಪಸಾಗಿದ್ದರೂ ಅದಕ್ಕೆ ಬೆಲೆ ಹೋಗಿಲ್ಲ. ಊರಿನ ಬ್ಯಾಂಕಿನಲ್ಲಿ ತೆಗೆದುಕೊಳ್ಳುವುದಿಲ್ಲ, ಬೆಂಗಳೂರಿನ ನೃಪತುಂಗ ರಸ್ತೆಯ ರಿಸರ್ವ್ ಬ್ಯಾಂಕ್ ಕಚೇರಿಗೆ ಹೋಗಬೇಕು, ಇಲ್ಲವೇ ಅಂಚೆಯಲ್ಲಿ ಅಲ್ಲಿಗೆ ಕಳಿಸಬೇಕು. ತಮ್ಮ ಹೋಗಿ ಬಂದ. 2016ರಲ್ಲಿ ರದ್ದಾದ ಐನೂರು, ಸಾವಿರದ ನೋಟಿಗೆ ಮಾತ್ರ ಏನೂ ಬರುವುದಿಲ್ಲ. ನೆನಪಿಗೆ ಅಂತ ಕಟ್ಟುಗಟ್ಟಲೆ ಇಟ್ಟುಕೊಳ್ಳಲೂಬೇಡಿ, ಹತ್ತಕ್ಕಿಂತ ಜಾಸ್ತಿ ಇದ್ದರೆ ದಂಡ ಹಾಕುವ ಕಾನೂನು 2017ರಲ್ಲೇ ಬಂದಿದೆ.

ಕಾಗದದ ಕೆಲಸಕ್ಕೆ ಮಾತ್ರ ನಾವು ವರ್ಷ ಕಾಯಲಿಲ್ಲ. ಮರಣ ಪ್ರಮಾಣಪತ್ರದ ಪ್ರತಿ ಜಾಸ್ತಿಯೇ ತೆಗೆಸಿಕೊಳ್ಳಿ. ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಬೇಗ ಅರ್ಜಿ ಕೊಡಿ, ಮನೆಯ ಖಾತೆ ಬದಲಾಗಲು ಅದು ಬೇಕೇ ಬೇಕು, ಮತ್ತು ಅದರಲ್ಲಿ ಹೆಣ್ಣುಮಕ್ಕಳ ಹೆಸರು ಇದೆಯಾ ಅಂತ ಕಣ್ಣಾರೆ ನೋಡಿ. 'ಅವರಿಗೆ ಮದುವೆ ಆಗಿದೆಯಲ್ಲ' ಅನ್ನುವವರು ಈಗಲೂ ಇದ್ದಾರೆ. ಅಮ್ಮನ ಫ್ಯಾಮಿಲಿ ಪೆನ್ಷನ್ ಖಾತೆಯ ಎಟಿಎಂ ಕಾರ್ಡ್ ಕೈಯಲ್ಲಿತ್ತು, ತಿಥಿ ಖರ್ಚಿಗೆ ತೆಗೆಯಿರಿ ಅಂತ ಒಬ್ಬರು ಹೇಳಿಯೂ ಹೇಳಿದರು. ನಾವು ಮುಟ್ಟಲಿಲ್ಲ. ಹೋದ ಮೇಲೆ ಜಮೆ ಆದ ಪೆನ್ಷನ್ ಸರ್ಕಾರಕ್ಕೆ ವಾಪಸ್ ಹೋಗಬೇಕಾದ ದುಡ್ಡು. ನಾಮಿನಿ ಆದವರೂ ಅಷ್ಟೇ, ಬ್ಯಾಂಕಿನಿಂದ ದುಡ್ಡು ತೆಗೆದುಕೊಳ್ಳುತ್ತಾರೆ, ಆದರೆ ಅದು ಎಲ್ಲ ವಾರಸುದಾರರದ್ದು. ನಾಮಿನಿ ನಾನಾಗಿದ್ದೆ, ಆದ್ದರಿಂದ ಇದನ್ನು ನಾನೇ ಮೊದಲು ಬಾಯಿಬಿಟ್ಟು ಹೇಳಿದೆ, ಮನಸ್ಸಲ್ಲಿ ಅನುಮಾನ ಬೆಳೆಯುವುದು ಬೇಡ ಅಂತ. ಹಳೆ ಪಾಸ್‌ಬುಕ್ ಸಿಕ್ಕಿ, ಖಾತೆ ಇದೆಯೋ ಇಲ್ಲವೋ ಗೊತ್ತಾಗದಿದ್ದರೆ ರಿಸರ್ವ್ ಬ್ಯಾಂಕಿನ ಉದ್ಗಮ್ ಪೋರ್ಟಲ್‌ನಲ್ಲಿ ಹುಡುಕಿ. ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗಿರುತ್ತದೆ, ಆದರೂ ಆಯಾ ಬ್ಯಾಂಕಿನ ಮೂಲಕ ವಾಪಸ್ ಕೇಳಬಹುದು.

ಇನ್ನು ಸಾಮಾನು. ಪಾತ್ರೆಗಳನ್ನೆಲ್ಲ ನಡುಮನೆಯಲ್ಲಿ ಹರಡಿ, ಚಿಕ್ಕವಳಿಂದ ಶುರುಮಾಡಿ ಸರದಿಯಲ್ಲಿ ಒಂದೊಂದು ಎತ್ತಿಕೊಂಡೆವು. ತಮ್ಮನ ಹೆಂಡತಿಗೂ ಒಂದು ಸರದಿ, ಕೊನೇ ಎರಡು ವರ್ಷ ಅಮ್ಮನನ್ನು ಆಸ್ಪತ್ರೆಗೆ ಓಡಾಡಿಸಿದ್ದು ಅವಳು. ತಾಮ್ರದ ಹಂಡೆಗೆ ಯಾರೂ ತಕರಾರು ತೆಗೆಯಲಿಲ್ಲ, ತಮ್ಮ ಎತ್ತಿಕೊಂಡ. ಕರಿ ಹಿಡಿದ ಕಬ್ಬಿಣದ ರೊಟ್ಟಿ ಹಂಚಿಗೆ ನಾನೂ ತಂಗಿಯೂ ಮಾತು ಬಿಡುವ ಮಟ್ಟಕ್ಕೆ ಹೋದೆವು. ಈಗ ಅದು ಆರಾರು ತಿಂಗಳು ಒಬ್ಬೊಬ್ಬರ ಮನೆಯಲ್ಲಿ ಇರುತ್ತದೆ, ಎಲ್ಲ ಬಿಟ್ಟು ಒಂದು ಹಂಚು ಶಿವಮೊಗ್ಗ-ಪುಣೆ ಬಸ್ಸಿನಲ್ಲಿ ಓಡಾಡುತ್ತಿದೆ ಅಂತ ನನ್ನ ಗಂಡ ನಗುತ್ತಾರೆ.

ಸೀರೆ ವಿಷಯದಲ್ಲಿ ಒಂದು ಮಾತು. 'ಹಳೆ ಜರಿ ಸೀರೆ' ಅಂತ ಕೂಗಿಕೊಂಡು ಬರುವವರಿಗೆ ಸುಮ್ನೆ ಕೊಟ್ಟುಬಿಡಬೇಡಿ. ಕೆಎಸ್‌ಐಸಿ ಮೈಸೂರು ಸಿಲ್ಕ್ ಸೀರೆಯ ಜರಿಯಲ್ಲಿ ಶೇ. 65ರಷ್ಟು ಬೆಳ್ಳಿ, ಶೇ. 0.65ರಷ್ಟು ಚಿನ್ನ ಇರುತ್ತದೆ, ಅವರು ಬರುವುದೇ ಅದಕ್ಕೆ. ನೂಲಿನ ಸೀರೆಗಳನ್ನು ಕೌದಿ ಹೊಲಿಯುವವರಿಗೆ ಕೊಟ್ಟೆವು. ಹೋದವರ ಬಟ್ಟೆ ಹೊದೆಯಬಾರದು ಅಂತ ದೊಡ್ಡಮ್ಮ ಗೊಣಗಿದರು, ಚಳಿಗಾಲ ಬಂದಾಗ ಅವರೇ ಒಂದು ಇಸಿದುಕೊಂಡರು. ವಾಕರ್, ಕಮೋಡ್ ಕುರ್ಚಿ ಒಂದೇ ದಿನದಲ್ಲಿ ಬೀದಿಯಲ್ಲೇ ಖಾಲಿ, ಕೇಳುವವರು ಯಾವಾಗಲೂ ಇರುತ್ತಾರೆ. ಒರಳುಕಲ್ಲು ಯಾರಿಗೂ ಬೇಡ. ಬಾಡಿಗೆಯವರು ಅದರ ಮೇಲೆ ತುಳಸಿ ಕುಂಡ ಇಟ್ಟಿದ್ದಾರೆ.

ಇಷ್ಟೆಲ್ಲ ಆದ ಮೇಲೆ ಗುಜರಿಯವರನ್ನು ಕರೆದೆವು. ಪೇಪರ್ ಕಟ್ಟುಗಳನ್ನೂ ಬಿಚ್ಚಿ ಕೊಡವಿಯೇ ಕೊಟ್ಟದ್ದು, ಅದರಲ್ಲೂ ಒಂದು ಗ್ಯಾಸ್ ಸಂಪರ್ಕದ ವೋಚರ್ ಸಿಕ್ಕಿತು. ಸಿಲಿಂಡರ್ ವಾಪಸ್ ಕೊಡುವಾಗ ಡಿಪಾಸಿಟ್ ಸಿಗುವುದು ಆ ಚೀಟಿ ಮೇಲೆಯೇ. ಅಮ್ಮನ ಸಿಮ್ ಮಾತ್ರ ಇನ್ನೂ ರೀಚಾರ್ಜ್ ಮಾಡುತ್ತಿದ್ದೇನೆ. ಬ್ಯಾಂಕು, ಗ್ಯಾಸು, ಕರೆಂಟ್ ಬಿಲ್ಲು ಎಲ್ಲದಕ್ಕೂ ಕೊಟ್ಟಿದ್ದು ಅದೇ ನಂಬರ್, ಒಂದೊಂದಾಗಿ ಬದಲಾಯಿಸುತ್ತಿದ್ದೇವೆ. ಕರೆಂಟ್ ಬಿಲ್ಲು ಇನ್ನೂ ಬಾಕಿ ಇದೆ.