ಚಾಕು ಕೊಳ್ಳುವಾಗ: ಮನೆಗೆ ಎರಡು, ಹೊರಗೆ ಒಂದು

ದೊಡ್ಡ ಚಾಕು ಸೆಟ್ ಕೊಳ್ಳಬೇಡಿ. ಅದರಲ್ಲಿ ಎರಡು ಮೂರು ಮಾತ್ರ ಕೈಗೆ ಬರುತ್ತವೆ, ಉಳಿದವು ಸುಮ್ನೆ ಡ್ರಾಯರ್‌ನಲ್ಲಿ ಬಿದ್ದಿರುತ್ತವೆ.

ಅಡುಗೆಮನೆಗೆ 8 ಇಂಚಿನ ಅಲಗಿನ ದೊಡ್ಡದೊಂದು, ಸಿಪ್ಪೆ ತೆಗೆಯಲು 3-4 ಇಂಚಿನ ಚಿಕ್ಕದೊಂದು ಸಾಕು. ಈಳಿಗೆ ಮಣೆ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಹಲಸಿನಕಾಯಿ ಹೆಚ್ಚಲು ಅದೇ ಸರಿ.

ಸ್ಟೇನ್‌ಲೆಸ್ ಸ್ಟೀಲ್‌ಗೆ ತುಕ್ಕು ಹಿಡಿಯುವುದು ಕಡಿಮೆ. ಕಾರ್ಬನ್ ಸ್ಟೀಲ್ ಮಸೆದರೆ ಬೇಗ ಹರಿತವಾಗುತ್ತದೆ, ಆದರೆ ನಿಂಬೆ, ಹುಣಸೆಹುಳಿ ತಾಗಿದರೆ ಕಪ್ಪಾಗುತ್ತದೆ. ತೊಳೆದ ತಕ್ಷಣ ಒರೆಸಿಡಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ತೆಳ್ಳಗೆ ಕೊಬ್ಬರಿ ಎಣ್ಣೆಯನ್ನೂ ಸವರಿ.

ಟ್ರೆಕ್ಕಿಂಗ್‌ಗೆ 3 ಇಂಚಿನ ಮಡಚುವ ಚಾಕು ಸಾಕು. ಹಗ್ಗ, ಹಣ್ಣು, ಪ್ಯಾಕೆಟ್ ಕತ್ತರಿಸಲು ಅಷ್ಟೇ ಬೇಕಿರುವುದು, ಅಲ್ವಾ? ಲಾಕ್ ಇರುವುದನ್ನೇ ಕೊಳ್ಳಿ. ಇಲ್ಲದಿದ್ದರೆ ಒತ್ತಿದಾಗ ಅಲಗು ಬೆರಳಿನ ಮೇಲೇ ಮಡಚಿಕೊಳ್ಳಬಹುದು. ತೋಟದ ಕೆಲಸಕ್ಕಾದರೆ ಊರಿನ ಕಮ್ಮಾರರ ಹತ್ತಿರ ಕತ್ತಿ ಮಾಡಿಸಿ. ಲಾರಿಯ ಹಳೆ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದ್ದು ಗಟ್ಟಿಯಾಗಿರುತ್ತದೆ. ಹಿಡಿ ನಿಮ್ಮ ಕೈಗೆ ಕೂರುತ್ತದಾ ಅಂತ ಅಲ್ಲೇ ನೋಡಿ.

ಮೊಂಡ ಚಾಕುವೇ ಜಾಸ್ತಿ ಅಪಾಯ. ಬಲ ಹಾಕಿ ಒತ್ತಬೇಕಾಗುತ್ತದೆ, ಆಗ ಜಾರುತ್ತದೆ. ಹಾಗಾಗಿ 1000 ಗ್ರಿಟ್‌ನ (ಗ್ರಿಟ್ ಅಂದರೆ ಕಲ್ಲಿನ ಕಣ ಎಷ್ಟು ನಯ ಅನ್ನುವ ಅಳತೆ) ಸಾಣೆಕಲ್ಲು ಒಂದು ಇಟ್ಟುಕೊಳ್ಳಿ. ಅಲಗನ್ನು ಸುಮಾರು 20 ಡಿಗ್ರಿ ಓರೆಯಾಗಿ ಹಿಡಿದು, ಎರಡೂ ಬದಿ ಸಮನಾಗಿ ಮಸೆಯಿರಿ. ಹಣ್ಣಾದ ಟೊಮೆಟೊ ಒತ್ತದೆ ಕತ್ತರಿಸಿದರೆ ಹರಿತ ಸರಿಯಾಗಿದೆ.

ವಿಮಾನದಲ್ಲಿ ಹೋಗುವವರು ಚಾಕುವನ್ನು ಚೆಕ್-ಇನ್ ಲಗೇಜಿನಲ್ಲೇ ಹಾಕಿ, ಕೈಚೀಲದಲ್ಲಿ ಬಿಡುವುದಿಲ್ಲ.